ಕಮಾನು, ಕೋಲು, ಮತ್ತೆ ಕಮಾನು: ಮೆಹ್ಲಿ ಮೆಹತಾ ಅವರ ಸಂಗೀತಜೀವನ

(ಬದಿಯಡ್ಕದ ವಾಚನಾಲಯವೊಂದರಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ)

ಇಲ್ಲಿ ಸೇರಿರುವ ಹಿರಿಯರು ಮೆಹ್ಲಿ ಮೆಹತಾ ಅವರ ಹೆಸರನ್ನು ಕೇಳಿರದಿದ್ದರೂ ಅವರ ಪಿಟೀಲನ್ನು ಕೇಳಿರುವ ಸಂಭವವಿದೆ. ಬೆಳಗಿನ ಪ್ರಸಾರ ಆರಂಭವಾಗುವ ಮುನ್ನ ಆಕಾಶವಾಣಿಯಲ್ಲಿ ತಂಬೂರದ ಶ್ರುತಿಯ ಮೇಲೆ ಒಂದು ಸಂಕೇತಧ್ವನಿ ಮೂಡಿಬರುತ್ತಿತ್ತು. ಶಿವರಂಜನಿಯ ಛಾಯೆಯಿರುವ ಆ ತುಣುಕನ್ನು 1930ರ ದಶಕದಲ್ಲಿ ರಚಿಸಿದವರು ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಹಿಟ್ಲರನ ಕಾಲದ ಯುರೋಪನ್ನು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದಿಳಿದ ಅವರು ಅಲ್ಲಿನ ಬಾನುಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆ ಹೊತ್ತಿದ್ದರು. ಆ ಧ್ವನಿಮುದ್ರಣದಲ್ಲಿ ಪಿಟೀಲು ನುಡಿಸಿದವರು ಕಾಫ್‌ಮನ್‌ರ ಜೊತೆಗಾರರಾಗಿದ್ದ ಮೆಹ್ಲಿ ಮೆಹತಾ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಮಾತು.

ಮೆಹತಾ ಎಂದೊಡನೆ ಜನರಿಗೆ ನೆನಪಾಗುವುದು ಜುಬಿನ್ ಮೆಹತಾ. ಲಾಸ್ ಏಂಜಲೀಸ್, ನ್ಯೂಯಾರ್ಕ್, ಇಸ್ರೇಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದಗಳನ್ನು ದಶಕಗಳ ಕಾಲ ಮುನ್ನಡೆಸಿದ ಮಗನ ಕೀರ್ತಿಯ ಎದುರು ತಂದೆಯ ಬದುಕು ಪರಿಚಯಲೇಖನಗಳಲ್ಲಿ ಒಂದು ಸಾಲಿಗೆ ಇಳಿದುಬಿಟ್ಟಿದೆ: ಪಿಟೀಲುವಾದಕರಾಗಿದ್ದರು, ಮುಂದೆ ವಾದ್ಯವೃಂದದ ನಿರ್ದೇಶಕರಾದರು. ಈ ಸಾಲು ಸುಳ್ಳಲ್ಲ, ಆದರೆ ಅದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ನಿರ್ದೇಶಕರ ಪೀಠವನ್ನು ಒಮ್ಮೆ ಏರಿದ ಮೆಹ್ಲಿ, ನಡುವಯಸ್ಸಿನಲ್ಲಿ ಅಲ್ಲಿಂದ ಇಳಿದು ಮತ್ತೆ ಸಾಮಾನ್ಯ ವಾದಕರ ಸಾಲಿನಲ್ಲಿ ಕುಳಿತರು. ಒಂಬತ್ತು ವರ್ಷ ಹಾಗೆ ದುಡಿದ ಮೇಲೆ, ಐವತ್ತಾರರ ಆಸುಪಾಸಿನಲ್ಲಿ, ಎರಡನೆಯ ಬಾರಿ ನಿರ್ದೇಶಕರ ಕೋಲು ಹಿಡಿದರು. ಅವರ ದೀರ್ಘಕಾಲದ ಕೆಲಸ ಆ ಎರಡನೆಯ ಸಲದ್ದು. ಆ ನಡುವಿನ ಇಳಿತವಿಲ್ಲದಿದ್ದರೆ ಅದು ಆ ರೂಪದಲ್ಲಿ ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂದು ಹೇಳಲಿರುವುದು ಮುಖ್ಯವಾಗಿ ಅದನ್ನೇ.

ಅದಕ್ಕೆ ಮೊದಲು, ವಾದ್ಯವೃಂದದ ನಿರ್ದೇಶಕ, ಅಂದರೆ ಕಂಡಕ್ಟರ್, ನಿಜವಾಗಿ ಮಾಡುವುದೇನು ಎಂಬ ಪ್ರಶ್ನೆಗೆ ಉತ್ತರ ಬೇಕು. ಕುಂಬಳೆ ಸೀಮೆಯವರಾದ ನಮಗೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ, ಇದನ್ನು ವಿವರಿಸುವುದು ಬೇರೆ ಕಡೆಯವರಿಗಿಂತ ಸುಲಭ. ಆಟದಲ್ಲಿ ಭಾಗವತರು ಜಾಗಟೆ ಹಿಡಿದು ಪದ ಹೇಳುತ್ತಾರೆ, ಚೆಂಡೆ ಮದ್ದಳೆಯವರಿಗೆ ಕಣ್ಣಿನಲ್ಲೇ ಸೂಚನೆ ಕೊಡುತ್ತಾರೆ, ವೇಷಧಾರಿಯ ಮಾತು ಹದ ಮೀರಿ ಬೆಳೆಯಿತೆಂದು ಕಂಡಾಗ ಎತ್ತುಗಡೆ ಮಾಡಿ, ಅಂದರೆ ಮುಂದಿನ ಪದವನ್ನು ಎತ್ತಿಕೊಂಡು, ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ಇಡೀ ರಾತ್ರಿಯ ನಡೆ ಅವರ ಕೈಯಲ್ಲಿರುತ್ತದೆ. ಕಂಡಕ್ಟರ್ ಕೂಡ ನಡೆಯನ್ನು ಹಿಡಿದವರೇ, ಆದರೆ ವ್ಯತ್ಯಾಸ ಎರಡು ಕಡೆ ಬಹಳ ದೊಡ್ಡದು. ಭಾಗವತರ ಕಂಠ ಸ್ವತಃ ಹಿಮ್ಮೇಳದ ಪ್ರಾಣ. ಕಂಡಕ್ಟರ್‌ನಿಂದಲಾದರೋ ಒಂದು ಸ್ವರವೂ ಹೊರಡುವುದಿಲ್ಲ. ಭಾಗವತರ ಹಿಮ್ಮೇಳದಲ್ಲಿ ಇಬ್ಬರು ಮೂವರಿದ್ದರೆ, ಪೂರ್ಣ ಸಿಂಫನಿ ವಾದ್ಯವೃಂದದಲ್ಲಿ ಎಂಬತ್ತರಿಂದ ನೂರು ಮಂದಿ ಇರುತ್ತಾರೆ, ಮತ್ತು ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಮಾನು ಹಿಡಿದು ತಂತಿವಾದ್ಯ ನುಡಿಸುವವರು.

ಈ ಸಂಖ್ಯೆಯೇ ಕಂಡಕ್ಟರ್‌ನ ಹುಟ್ಟಿಗೆ ಒಂದು ಮುಖ್ಯ ಕಾರಣ. ಒಂದು ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಯ ಸಾಲನ್ನು ಮುಟ್ಟುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಮ್ಮ ಮೈಸೂರು ಟಿ. ಚೌಡಯ್ಯನವರಿಗೂ ಇದೇ ತೊಡಕು ಎದುರಾಗಿತ್ತು. ಅವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೋಡಿ ತಂತಿ ಕಟ್ಟಿ ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡರು. ಯುರೋಪಿನವರು ತಂತಿಗಳ ಬದಲು ವಾದಕರನ್ನೇ ಹೆಚ್ಚಿಸಿದರು. ಮೊದಲ ಪಿಟೀಲಿನ ವಿಭಾಗದಲ್ಲಿ ಹದಿನಾಲ್ಕೋ ಹದಿನಾರೋ ಮಂದಿ ಕುಳಿತು ಒಂದೇ ಪಂಕ್ತಿಯನ್ನು ನುಡಿಸುವಾಗ, ಒಬ್ಬನ ಕಮಾನು ಮೇಲಕ್ಕೂ ಮತ್ತೊಬ್ಬನದು ಕೆಳಕ್ಕೂ ಹೋದರೆ ಕಣ್ಣಿಗೆ ಕೆಡುವುದಷ್ಟೇ ಅಲ್ಲ, ಒತ್ತು ಬೀಳುವ ಜಾಗವೂ ಬೇರೆಯಾಗಿ ನಾದ ಒಡೆಯುತ್ತದೆ. ಆದ್ದರಿಂದ ಪ್ರತಿಯೊಂದು ಸ್ವರಗುಚ್ಛಕ್ಕೂ ಕಮಾನು ಯಾವ ದಿಕ್ಕಿಗೆ, ಎಷ್ಟು ಉದ್ದ, ತುದಿಯಲ್ಲೋ ಬುಡದಲ್ಲೋ ಎಂಬುದನ್ನು ಮೊದಲೇ ನಿರ್ಧರಿಸಿ ಎಲ್ಲರ ಹಾಳೆಯಲ್ಲೂ ಪೆನ್ಸಿಲಿನಿಂದ ಗುರುತು ಹಾಕಬೇಕಾಗುತ್ತದೆ. ಈ ಕೆಲಸ ಮಾಡುವವರು ಕನ್ಸರ್ಟ್‌ಮಾಸ್ಟರ್, ಅಂದರೆ ಮೊದಲ ಪಿಟೀಲಿನ ಮೊದಲ ಕುರ್ಚಿಯಲ್ಲಿ ಕುಳಿತವರು. ಕೋಲು ಹಿಡಿದು ಎದುರು ನಿಲ್ಲುವ ಪದ್ಧತಿ ಬೇರೂರುವ ಮೊದಲು ವೃಂದವನ್ನು ನಡೆಸುತ್ತಿದ್ದವರು ಹೆಚ್ಚಾಗಿ ಇವರೇ. ಪ್ಯಾರಿಸಿನಲ್ಲಿ ಹಬೆನೆಕ್ ಎಂಬಾತ 1828ರಿಂದ ಬೀಥೋವನ್‌ನ ಸಿಂಫನಿಗಳನ್ನು, ಅಂದರೆ ಇಡೀ ವೃಂದಕ್ಕೆಂದು ಬರೆದ ದೀರ್ಘ ಕೃತಿಗಳನ್ನು, ಕೋಲಿನ ಬದಲು ಪಿಟೀಲಿನ ಕಮಾನಿನಿಂದಲೇ ನಡೆಸಿದ. ಲಂಡನ್ನಿನಲ್ಲಿ 1820ರಲ್ಲಿ ಕಿಸೆಯಿಂದ ಕೋಲು ತೆಗೆದು ನಿಂತೆನೆಂದು ಬರೆದುಕೊಂಡಿರುವ ಲೂಯಿ ಶ್ಪೋರ್ ಕೂಡ ಪ್ರಖ್ಯಾತ ಪಿಟೀಲುವಾದಕನೇ. ಹಾಗಾಗಿ ಪಿಟೀಲಿನಿಂದ ಕೋಲಿಗೆ ಹೋಗುವುದು ವೃತ್ತಿ ಬದಲಾಯಿಸಿದಂತಲ್ಲ. ಆ ಹಾದಿ ಮೊದಲಿನಿಂದಲೂ ಅಲ್ಲಿತ್ತು.

ಮೆಹ್ಲಿ ಹುಟ್ಟಿದ್ದು 1908ರ ಸೆಪ್ಟೆಂಬರ್ 25ರಂದು, ಮುಂಬಯಿಯ ಪಾರ್ಸಿ ಕುಟುಂಬದಲ್ಲಿ. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪಿಟೀಲು ಪರೀಕ್ಷೆಯಲ್ಲಿ 1929ರಲ್ಲಿ ಲೈಸೆನ್ಶಿಯೇಟ್ ಎಂಬ ಅರ್ಹತಾಪತ್ರ ಪಡೆದರು. ಪರೀಕ್ಷೆ ಮುಗಿಸಿದ ಪಿಟೀಲುವಾದಕನಿಗೆ ಅಂದಿನ ಮುಂಬಯಿಯಲ್ಲಿ ಇದ್ದ ಅವಕಾಶವೆಂದರೆ ಹೋಟೆಲು, ಜಿಮ್ಖಾನ, ಮೂಕಿ ಚಿತ್ರಗಳ ಟಾಕೀಸು ಮತ್ತು ಖಾಸಗಿ ಪಾಠ. ಬೀಥೋವನ್ ಅಥವಾ ಬ್ರಾಮ್ಸ್ ಬರೆದ ಪಿಟೀಲು ಕಾನ್ಸರ್ಟೋ ನುಡಿಸಬೇಕೆಂದರೆ ಬೆನ್ನಿಗೆ ಅರವತ್ತು ಮಂದಿಯ ವೃಂದ ಬೇಕು. ನಮ್ಮಲ್ಲಿ ಪಿಟೀಲು ಕಲಿತವನಿಗೆ ಒಬ್ಬ ಗಾಯಕ, ಒಂದು ಮೃದಂಗ, ಒಂದು ತಂಬೂರ ಸಿಕ್ಕರೆ ಕಚೇರಿ ನಡೆಯುತ್ತದೆ. ಸೋದೆಯಲ್ಲಿ ನಡೆಯಲಿ, ಎಡನೀರಿನಲ್ಲಿ ನಡೆಯಲಿ, ಹೆಚ್ಚಿನ ವ್ಯವಸ್ಥೆ ಬೇಡ. ಅವರ ವಾದ್ಯಕ್ಕಾದರೆ ಒಂದು ಇಡೀ ಸಂಸ್ಥೆಯೇ ಬೇಕಾಗಿತ್ತು.

ಆ ಸಂಸ್ಥೆ ಇರಲಿಲ್ಲವಾದ್ದರಿಂದ ಅವರು ಕಟ್ಟಿದರು. 1935ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಮೆಹ್ಲಿ ಅದರ ಕನ್ಸರ್ಟ್‌ಮಾಸ್ಟರ್. ಕೋಲು ಬೇರೆಯವರ ಕೈಯಲ್ಲಿತ್ತು. 1940ರಲ್ಲಿ ಬಾಂಬೆ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ನಾಲ್ವರ ತಂಡವನ್ನೂ ಕಟ್ಟಿದರು. ವೃಂದದಲ್ಲಿ ಯಾರಿದ್ದರು ಎಂಬುದನ್ನು ನೋಡಿದರೆ ಆ ಕಾಲದ ಮುಂಬಯಿಯೇ ಕಣ್ಣಮುಂದೆ ಬರುತ್ತದೆ. ಸಂಗೀತವನ್ನು ಹವ್ಯಾಸವಾಗಿ ಕಲಿತ ಪಾರ್ಸಿಗಳು, ಊರಲ್ಲಿ ನೆಲೆಸಿದ್ದ ಯುರೋಪಿಯನ್ನರು, ಯುದ್ಧದ ಭಯದಿಂದ ಬಂದ ನಿರಾಶ್ರಿತರು, ತುತ್ತೂರಿ ಕೊಳಲುಗಳ ವಿಭಾಗಕ್ಕೆ ನೌಕಾಪಡೆಯ ಬ್ಯಾಂಡಿನವರು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗೋವೆಯ ಕ್ರೈಸ್ತರು. ಗೋವೆಯ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಐದು ಗೆರೆಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಬೇಳದ ಇಗರ್ಜಿಯ ಹಾಡುಗಾರಿಕೆಯನ್ನು ಕೇಳಿ ಬೆಳೆದ ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ಕೊಟ್ಟ ಹಾಳೆಯನ್ನು ನೋಡಿದೊಡನೆ ನುಡಿಸಬಲ್ಲ ಇಂಥವರಿಲ್ಲದೆ ಮುಂಬಯಿಯಲ್ಲಿ ಸಿಂಫನಿ ಏಳುತ್ತಲೇ ಇರಲಿಲ್ಲ.

1945ರಲ್ಲಿ, ಮೂವತ್ತೇಳರ ಆಸುಪಾಸಿನಲ್ಲಿ, ಮೆಹ್ಲಿ ಹೆಂಡತಿ ತೆಹಮಿನಾ ಮತ್ತು ಇಬ್ಬರು ಸಣ್ಣ ಗಂಡುಮಕ್ಕಳನ್ನು ಮುಂಬಯಿಯಲ್ಲಿ ಬಿಟ್ಟು ನ್ಯೂಯಾರ್ಕಿಗೆ ಹೋದರು. ಹೋದದ್ದು ಇವಾನ್ ಗಲಾಮಿಯನ್‌ರ ಬಳಿ ಪಾಠಕ್ಕೆ. ಮುಂದೆ ಇಟ್ಜಾಕ್ ಪರ್ಲ್‌ಮನ್, ಪಿಂಕಾಸ್ ಜುಕರ್‌ಮನ್‌ರಂಥವರನ್ನು ತಯಾರು ಮಾಡಿದ ಈ ಗುರು ಬಲಗೈಗೆ, ಅಂದರೆ ಕಮಾನಿನ ಕೈಗೆ, ಕೊಡುತ್ತಿದ್ದ ಗಮನಕ್ಕೆ ಹೆಸರಾದವರು. ತನ್ನ ಊರಿನಲ್ಲಿ ಎಲ್ಲರಿಗಿಂತ ಮುಂದಿರುವ ವಾದಕನೊಬ್ಬ ಆ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವುದು ಸುಲಭವಲ್ಲ. ಮನೆಯವರಿಗೂ ಸುಲಭವಾಗಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮರಳಿ ಬಂದ ಮೇಲೆ ಅವರು ತಮ್ಮ ವೃಂದದ ಎದುರು ಕೋಲು ಹಿಡಿದು ನಿಂತರು.

ಅವರು ಕಂಡಕ್ಟರ್ ಆದ ಬಗೆ ಇದು. ಅದಕ್ಕಾಗಿ ಅವರು ಯಾವ ಶಾಲೆಯಲ್ಲೂ ವಿಧಿವತ್ತಾಗಿ ಕಲಿತಿರಲಿಲ್ಲ. ಪಿಟೀಲುವಾದಕನಿಗೆ ಅಭ್ಯಾಸವಿರುವುದು ತನ್ನ ಒಂದು ಪಂಕ್ತಿಯನ್ನು ಓದಿ. ಕಂಡಕ್ಟರ್‌ನ ಎದುರಿರುವ ಹಾಳೆಯಲ್ಲಿ ಇಪ್ಪತ್ತು ಪಂಕ್ತಿಗಳು ಒಂದರ ಕೆಳಗೊಂದು ಏಕಕಾಲಕ್ಕೆ ಸಾಗುತ್ತವೆ; ಕ್ಲಾರಿನೆಟ್ಟು, ಹಾರ್ನ್ ಮೊದಲಾದವುಗಳಿಗೆ ಬರೆದ ಸ್ವರ ಒಂದು, ಕೇಳಿಬರುವ ಸ್ವರ ಇನ್ನೊಂದು. ಕಮಾನು ಎಳೆಯುವವನಿಗೆ ಉಸಿರು ಸಾಲದೆಂಬ ಚಿಂತೆಯಿಲ್ಲ, ಆದರೆ ಓಬೋ ಊದುವವನಿಗೆ ಎಲ್ಲಿ ಉಸಿರೆಳೆಯಲು ಬಿಡಬೇಕೆಂಬುದನ್ನು ಕಂಡಕ್ಟರ್ ತಿಳಿದಿರಬೇಕು. ಪಿಯಾನೋದಿಂದ ಬಂದ ಕಂಡಕ್ಟರ್‌ಗೆ ಹತ್ತಾರು ಸ್ವರಗಳನ್ನು ಒಟ್ಟಿಗೆ ಓದುವ ಅಭ್ಯಾಸ ಮೊದಲೇ ಇರುತ್ತದೆ. ಪಿಟೀಲಿನಿಂದ ಬಂದವನು ಅದನ್ನು ಕಷ್ಟಪಟ್ಟು ಗಳಿಸಬೇಕು. ಅದಕ್ಕೆ ಪ್ರತಿಯಾಗಿ, ವೃಂದದ ಬಹುಪಾಲು ಮಂದಿಯ ಕೈಯಲ್ಲಿರುವ ಕಮಾನಿನ ಕಷ್ಟಸುಖ ಅವನಿಗೆ ಒಳಗಿನಿಂದ ಗೊತ್ತಿರುತ್ತದೆ. ಫಿಲಡೆಲ್ಫಿಯ ಆರ್ಕೆಸ್ಟ್ರಾವನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮುನ್ನಡೆಸಿದ ಯೂಜೀನ್ ಓರ್ಮಂಡಿ ಬುಡಾಪೆಸ್ಟಿನಲ್ಲಿ ಪಿಟೀಲಿನ ಬಾಲಪ್ರತಿಭೆಯಾಗಿದ್ದವರು. ಅವರ ವೃಂದದ ತಂತಿನಾದಕ್ಕೆ ಲೋಕದಲ್ಲೆಲ್ಲ ಹೆಸರಿತ್ತು. ಇದು ಕಾಕತಾಳೀಯವೆಂದು ನಾನು ನಂಬುವುದಿಲ್ಲ.

ಮನೆಯಲ್ಲಿ ವೃಂದದ ಬೇರೆಬೇರೆ ವಿಭಾಗಗಳ ಅಭ್ಯಾಸ ನಡೆಯುತ್ತಿತ್ತು, ಅದನ್ನು ಕೇಳುತ್ತಲೇ ಜುಬಿನ್ ಬೆಳೆದರು. ಹದಿನಾರರ ಹೊತ್ತಿಗೆ ತಂದೆಯ ವೃಂದದ ಪೂರ್ವಾಭ್ಯಾಸವನ್ನು ನಡೆಸುವಷ್ಟಾಗಿದ್ದರು. ವೈದ್ಯಕೀಯ ವ್ಯಾಸಂಗವನ್ನು ಬಿಟ್ಟು 1954ರಲ್ಲಿ ಅವರು ವಿಯೆನ್ನಾಕ್ಕೆ ಹೋದರು. ಮಗನ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿಗೆ ಬಿಡುತ್ತೇನೆ.

ಅಷ್ಟರಲ್ಲಿ ಮುಂಬಯಿಯ ವೃಂದಕ್ಕೆ ಆಧಾರವಾಗಿದ್ದ ಸಮಾಜವೇ ಕರಗತೊಡಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಬ್ರಿಟಿಷರು ಹೊರಟರು. ಕಾಫ್‌ಮನ್ 1946ರಲ್ಲೇ ಭಾರತ ಬಿಟ್ಟಿದ್ದರು. ಗೋವೆಯ ವಾದಕರಿಗೆ ಹಿಂದಿ ಚಿತ್ರರಂಗದ ಸ್ಟುಡಿಯೋಗಳಲ್ಲಿ ಕೈತುಂಬ ಕೆಲಸ ದೊರೆಯುತ್ತಿತ್ತು. ಬೀಥೋವನ್‌ಗಾಗಿ ಸಂಜೆಗಳನ್ನು ಬಿಟ್ಟುಕೊಡೆಂದು ಅವರನ್ನು ಕೇಳುವ ನೈತಿಕ ಹಕ್ಕು ಯಾರಿಗೂ ಇರಲಿಲ್ಲ. ರಾಜರ ಆಶ್ರಯದ ಕಾಲವೂ ಮುಗಿಯುತ್ತ ಬಂದಿತ್ತು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾಗಿ, ರಷ್ಯದ ಮೆಟ್ನರ್ ಎಂಬ ರಚನಕಾರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಅಂಥ ಆಶ್ರಯ ಮುಂಬಯಿಯ ವೃಂದದ ಪಾಲಿಗಿರಲಿಲ್ಲವೆಂಬುದನ್ನೂ ಜೊತೆಗೇ ನೆನೆಯಬೇಕು.

1955ರಲ್ಲಿ ಮೆಹ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು. ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದಲ್ಲಿ ಸಹಾಯಕ ಕನ್ಸರ್ಟ್‌ಮಾಸ್ಟರ್ ಹುದ್ದೆ. ಇಪ್ಪತ್ತು ವರ್ಷ ತನ್ನದೇ ವೃಂದವನ್ನು ಸಾಕಿದ ಮನುಷ್ಯ, ನಲವತ್ತೇಳರಲ್ಲಿ, ಬೇರೊಬ್ಬರ ವೃಂದದಲ್ಲಿ ಬೇರೊಬ್ಬರ ಕಮಾನು ಗುರುತುಗಳನ್ನು ನೋಡಿ ನುಡಿಸಲು ಕುಳಿತ. ನಮ್ಮ ಕಡೆ ಇದನ್ನು ಜನ ಹಿಂಬಡ್ತಿ ಎಂದೇ ಆಡಿಕೊಳ್ಳುತ್ತಿದ್ದರು. ಆದರೆ ಎದುರು ನಿಂತವರು ಯಾರೆಂಬುದನ್ನು ಗಮನಿಸಬೇಕು. ಹಾಲೆಯ ಕಂಡಕ್ಟರ್ ಸರ್ ಜಾನ್ ಬಾರ್ಬಿರೋಲಿ ಸ್ವತಃ ಪಿಟೀಲಿನ ಬಳಗದ ದೊಡ್ಡ ತಂತಿವಾದ್ಯವಾದ ಚೆಲ್ಲೋದ ವಾದಕರಾಗಿ ಆರಂಭಿಸಿ ಕೋಲು ಹಿಡಿದವರು. ಯುದ್ಧದ ನಡುವೆ, 1943ರಲ್ಲಿ, ಅರ್ಧಕ್ಕರ್ಧ ಖಾಲಿಯಾಗಿದ್ದ ವೃಂದವನ್ನು ಸಿಕ್ಕ ಎಳೆಯರನ್ನೆಲ್ಲ ಸೇರಿಸಿ ಮರಳಿ ಕಟ್ಟಿದವರು. ತಂತಿವಾದ್ಯಗಳ ಕಮಾನು ಗುರುತುಗಳನ್ನು ಬೇರೆಯವರಿಗೆ ಬಿಡದೆ ಗಂಟೆಗಟ್ಟಲೆ ಕುಳಿತು ತಾವೇ ಹಾಕುತ್ತಿದ್ದವರು. ಮುಂಬಯಿಯಲ್ಲಿ ಮೆಹ್ಲಿ ಯಾರ ಮಾರ್ಗದರ್ಶನವೂ ಇಲ್ಲದೆ ಊಹಿಸಿಕೊಂಡು ಮಾಡಿದ್ದನ್ನು ಇಲ್ಲಿ ನುರಿತ ಕೈಯೊಂದು ದಿನವೂ ಮಾಡುವುದನ್ನು ಮೂರಡಿ ದೂರದಿಂದ ನೋಡುವ ಅವಕಾಶ ಸಿಕ್ಕಿತು. ಕಂಡಕ್ಟರ್ ಆಗಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. ಮಗ 1958ರಲ್ಲಿ ಲಿವರ್‌ಪೂಲಿನ ಕಂಡಕ್ಟರ್ ಸ್ಪರ್ಧೆಯನ್ನು ಗೆದ್ದಾಗ, ಕಾಸರಗೋಡಿಗೂ ಮಂಗಳೂರಿಗೂ ಇರುವಷ್ಟೇ ದೂರದ ಮ್ಯಾಂಚೆಸ್ಟರಿನಲ್ಲಿ ತಂದೆ ವೃಂದದ ಕುರ್ಚಿಯಲ್ಲಿದ್ದರು.

1959ರಲ್ಲಿ ಇನ್ನೂ ಒಂದು ಮೆಟ್ಟಿಲು ಇಳಿದರೆನ್ನಬಹುದು, ಅಥವಾ ಇನ್ನಷ್ಟು ಒಳಕ್ಕೆ ಹೋದರೆನ್ನಬಹುದು; ನಾನು ಎರಡನೆಯದನ್ನು ಹೇಳುವವನು. ಅಮೆರಿಕದ ಫಿಲಡೆಲ್ಫಿಯದಲ್ಲಿ ಕರ್ಟಿಸ್ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಹೆಸರಾಂತ ನಾಲ್ವರ ತಂಡದಲ್ಲಿ ಅವರು ಎರಡನೆಯ ಪಿಟೀಲುವಾದಕರಾಗಿ ಸೇರಿದರು. ಕ್ವಾರ್ಟೆಟ್‌ನಲ್ಲಿ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೋ, ಕಂಡಕ್ಟರ್ ಇಲ್ಲ. ಮೊದಲ ಪಿಟೀಲಿನವರು ರಾಗದ ಎಳೆಯನ್ನು ಹಿಡಿದಿದ್ದರೆ, ಚೆಲ್ಲೋ ತಳವನ್ನು ಹಿಡಿದಿರುತ್ತದೆ. ಎರಡನೆಯ ಪಿಟೀಲಿನವರದು ಒಮ್ಮೆ ಮೇಲಿನವರ ಜೊತೆ, ಮರುಗಳಿಗೆಯಲ್ಲಿ ಕೆಳಗಿನವರ ಜೊತೆ ಸೇರುತ್ತ, ಒಟ್ಟು ನಾದದ ನಡುವಿನ ಭಾಗವನ್ನು ತುಂಬುವ ಕೆಲಸ. ತನ್ನ ಸ್ವರಕ್ಕಿಂತ ಉಳಿದ ಮೂವರ ಸ್ವರವನ್ನು ಹೆಚ್ಚು ಕೇಳಿಸಿಕೊಳ್ಳಬೇಕಾದ ಜಾಗ ಅದು. ನಮ್ಮ ಪಕ್ಕವಾದ್ಯದ ಪಿಟೀಲಿನವರಿಗೆ ಈ ಶಿಸ್ತು ಚೆನ್ನಾಗಿ ಗೊತ್ತು: ಗಾಯಕ ಮುಂದೆ ಎಲ್ಲಿಗೆ ಹೋಗುತ್ತಾನೆಂದು ಊಹಿಸುತ್ತ, ಅವನನ್ನು ಮೀರದೆ, ಅವನಿಗೆ ಕೊರತೆಯಾಗದಂತೆ ನುಡಿಸುವುದು. ಐದು ವರ್ಷ ಮೆಹ್ಲಿ ಇದನ್ನು ಮಾಡಿದರು.

1964ರಲ್ಲಿ ಅವರು ಲಾಸ್ ಏಂಜಲೀಸಿಗೆ ಬಂದರು. ಅಲ್ಲಿನ ಫಿಲ್‌ಹಾರ್ಮೋನಿಕ್‌ಗೆ ಮಗ 1962ರಿಂದ ಸಂಗೀತ ನಿರ್ದೇಶಕ. ಮಗನ ಪ್ರಭಾವದಿಂದ ತಂದೆಗೆ ಸ್ಥಾನ ಸಿಕ್ಕಿತೆಂದು ಮಾತಾಡುವವರು ಅಲ್ಲಿಯೂ ಇದ್ದಿರಬಹುದು. ಆದರೆ ಅವರು ಹಿಡಿದದ್ದು ಮೆರೆಯುವ ಕೆಲಸವನ್ನಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ವಿದ್ಯಾರ್ಥಿಗಳ ವಾದ್ಯವೃಂದದ ಹೊಣೆ ವಹಿಸಿಕೊಂಡರು, ಮತ್ತು ಅದೇ ಕಾಲಕ್ಕೆ ಅಮೆರಿಕನ್ ಯೂತ್ ಸಿಂಫನಿ ಎಂಬ ಯುವಕರ ವೃಂದವನ್ನು ಸ್ಥಾಪಿಸಿದರು. ಸಂಗೀತಶಾಲೆ ಮುಗಿಸುತ್ತಿರುವ ಅಥವಾ ಆಗತಾನೆ ಮುಗಿಸಿದ ಹುಡುಗ ಹುಡುಗಿಯರು ವೃತ್ತಿಪರ ವೃಂದಗಳಲ್ಲಿ ಕೆಲಸಕ್ಕೆ ಸೇರುವ ಮುನ್ನ ದೊಡ್ಡ ಕೃತಿಗಳನ್ನು ನುಡಿಸಿ ಪಳಗಬೇಕೆಂಬುದು ಉದ್ದೇಶ. ಕಚೇರಿಗಳಿಗೆ ಟಿಕೆಟಿರಲಿಲ್ಲ. ಮೂವತ್ತಮೂರು ವರ್ಷ ಮೆಹ್ಲಿ ಈ ವೃಂದವನ್ನು ನಡೆಸಿದರು. 1998ರಲ್ಲಿ ನಿವೃತ್ತರಾಗುವಾಗ ಅವರಿಗೆ ತೊಂಬತ್ತರ ಹತ್ತಿರ. ಅವರ ಕೈಯಲ್ಲಿ ಪಳಗಿದವರು ಅಮೆರಿಕದ ಅನೇಕ ವೃಂದಗಳಲ್ಲಿ ಸೇರಿಕೊಂಡರು.

ವೃತ್ತಿಪರ ವೃಂದದ ಎದುರು ನಿಲ್ಲುವ ಕಂಡಕ್ಟರ್‌ಗೆ ವಾದಕರು ಹೇಗೆ ನುಡಿಸುತ್ತಾರೆಂಬ ಚಿಂತೆಯಿಲ್ಲ. ಏನು ಬೇಕೆಂದು ಹೇಳಿದರೆ ಸಾಕು. ಇಪ್ಪತ್ತರ ಹುಡುಗನಿಗೆ ಅದು ಸಾಲದು. ಈ ಜಾಗದಲ್ಲಿ ಕಮಾನಿನ ಬುಡಕ್ಕೆ ಬಾ, ಇಲ್ಲಿ ಬೆರಳು ಬದಲಿಸು, ಇಲ್ಲಿ ಹಿಂದಿನ ಸಾಲಿನವರನ್ನು ಕೇಳಿಸಿಕೋ ಎಂದು ಬಿಡಿಸಿ ಹೇಳಬೇಕು. ಗಲಾಮಿಯನ್‌ರ ಬಲಗೈ ಪಾಠ, ಹಾಲೆಯ ಕುರ್ಚಿ, ಕ್ವಾರ್ಟೆಟ್‌ನ ಎರಡನೆಯ ಸ್ಥಾನ ಮೂರೂ ಇಲ್ಲಿ ಬಳಕೆಗೆ ಬಂದವು. ಮುಂಬಯಿಯಲ್ಲೇ ಕೋಲು ಹಿಡಿದು ಉಳಿದಿದ್ದರೆ ಇವುಗಳಲ್ಲಿ ಎರಡು ಅವರಿಗೆ ದಕ್ಕುತ್ತಿರಲಿಲ್ಲ.

2002ರ ಅಕ್ಟೋಬರ್ 19ರಂದು, ತೊಂಬತ್ತನಾಲ್ಕರಲ್ಲಿ, ಲಾಸ್ ಏಂಜಲೀಸಿನಲ್ಲಿ ಅವರು ತೀರಿಕೊಂಡರು. ಮುಂಬಯಿಯಲ್ಲಿ ಅವರ ಹೆಸರಿನ ಸಂಗೀತ ಪ್ರತಿಷ್ಠಾನ 1995ರಿಂದ ಮಕ್ಕಳಿಗೆ ಪಾಠ ಹೇಳುತ್ತಿದೆ. ಪೂರ್ಣಾವಧಿಯ ಸಿಂಫನಿ ವೃಂದ ಆ ಊರಿಗೆ ಮರಳಿದ್ದು 2006ರಲ್ಲಿ, ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಆರಂಭವಾದಾಗ. ಅದರಲ್ಲೂ ಮೊದಲಿನಿಂದ ಹೊರದೇಶದ ವಾದಕರೇ ಹೆಚ್ಚು.

ಉಪನ್ಯಾಸದ ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಕೇಳಿದವರು ನಮ್ಮ ಶಾಲೆಯೊಂದರ ಸಂಗೀತ ಅಧ್ಯಾಪಕಿ. ಕೇರಳದ ಶಾಲಾ ಕಲೋತ್ಸವದಲ್ಲಿ ಪಿಟೀಲಿಗೆ ಪೌರಸ್ತ್ಯ ಮತ್ತು ಪಾಶ್ಚಾತ್ಯ ಎಂದು ಎರಡು ಸ್ಪರ್ಧೆಗಳಿವೆ, ಯಕ್ಷಗಾನವೂ ಇದೆ, 2019ರಲ್ಲಿ ಕಾಞಂಗಾಡಿನಲ್ಲಿ ನಡೆದಾಗ ನಾವೆಲ್ಲ ನೋಡಿದ್ದೇವೆ. ಕರ್ನಾಟಕ ಶೈಲಿಯ ಪಿಟೀಲು ಕಲಿತ ಮಗುವಿಗೆ ಮೆಹ್ಲಿಯವರ ಹಾದಿ ತೆರೆದಿದೆಯೇ, ಎಂಬುದು ಅವರ ಪ್ರಶ್ನೆ.

ಹಾದಿಯನ್ನು ನಡೆದು ತೋರಿಸಿದವರಿದ್ದಾರೆ. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ವಾದ್ಯವೃಂದವನ್ನು ಆರಂಭಿಸಿದಾಗ ಹಿಂದುಸ್ತಾನಿ ಕಡೆಯಿಂದ ರವಿಶಂಕರ್ ಅವರನ್ನೂ ಕರ್ನಾಟಕ ಸಂಗೀತದ ಕಡೆಯಿಂದ ಟಿ. ಕೆ. ಜಯರಾಮ ಅಯ್ಯರ್ ಅವರನ್ನೂ ನಿರ್ದೇಶಕರನ್ನಾಗಿ ನೇಮಿಸಿತು. ಜಯರಾಮ ಅಯ್ಯರ್ ಹಿರಿಯ ಪಕ್ಕವಾದ್ಯದ ಪಿಟೀಲುವಾದಕರು. ಅಲ್ಲಿ ಅವರಿಗೆ ಎದುರಾದ ಕೆಲಸ ಮೆಹ್ಲಿಯವರದಕ್ಕಿಂತ ಬೇರೆಯೇ ಬಗೆಯದು. ಗಮಕವನ್ನು, ಅಂದರೆ ಸ್ವರದ ಒಲೆತವನ್ನು, ಹತ್ತು ಮಂದಿ ಒಂದೇ ಅಳತೆಯಲ್ಲಿ ನುಡಿಸುವಂತೆ ಮಾಡುವುದು ಹೇಗೆ, ಮನೋಧರ್ಮಕ್ಕೆ (ಸ್ಥಳದಲ್ಲೇ ಕಲ್ಪಿಸಿ ನುಡಿಸುವುದಕ್ಕೆ) ಅವಕಾಶ ಎಲ್ಲಿ, ಬರೆಯದೇ ಕಲಿತವರಿಗೆ ಬರೆದು ಕೊಡುವುದೆಂತು, ರಾಗದಿಂದ ಹೊರಗೆ ಹೋಗದೆ ಏಕಕಾಲಕ್ಕೆ ಎರಡು ಎಳೆಗಳನ್ನು ನಡೆಸುವುದು ಎಷ್ಟು ದೂರ ಸಾಧ್ಯ. ಈ ಪ್ರಶ್ನೆಗಳಿಗೆ ಪಶ್ಚಿಮದ ಕಂಡಕ್ಟರುಗಳ ಬಳಿ ಸಿದ್ಧ ಉತ್ತರವಿಲ್ಲ. ಮೊದಲಿನ ಎರಡಕ್ಕಾದರೂ ನಮ್ಮ ಹಿಮ್ಮೇಳದವರಲ್ಲಿ ಕೇಳಿ ನೋಡಬಹುದೆಂದು ಆ ಅಧ್ಯಾಪಕಿಗೆ ಹೇಳಿದೆ. ತಮ್ಮ ಶಾಲೆಯ ಐದಾರು ಪಿಟೀಲಿನ ಮಕ್ಕಳಿಗೆ ಒಂದೇ ವರ್ಣವನ್ನು ಕೊಟ್ಟು, ಕಮಾನಿನ ದಿಕ್ಕನ್ನು ಹಾಳೆಯಲ್ಲಿ ಗುರುತು ಹಾಕಿಸಿ ನುಡಿಸಿ ನೋಡುವುದಾಗಿ ಅವರು ಹೇಳಿದ್ದಾರೆ. ವರ್ಣ ಮೋಹನದ್ದೋ ಕಲ್ಯಾಣಿಯದ್ದೋ ಎಂಬ ಚರ್ಚೆ ಸಭೆ ಮುಗಿದ ಮೇಲೂ ನಡೆಯಿತು. ಗಮಕ ಕಡಿಮೆ ಬೇಡುವ ಮೋಹನದಿಂದ ತೊಡಗುವುದು ಮೇಲೆಂದು ನನ್ನ ಸಲಹೆ.